ಫಾಲ್ ಹೊಲಿದು ಕಟ್ಟಿದ ಫೀಸು

ದೆಹಲಿಗೆ ಬಂದ ಮೊದಲ ಕೆಲವು ವರ್ಷ ನನಗೆ ಪುಕ್ಕಟೆ ಪಾಠಗಳಿಗೇನೂ ಕೊರತೆ ಇರಲಿಲ್ಲ. ಯಜಮಾನರು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಗುಮಾಸ್ತರು, ಆರ್.ಕೆ. ಪುರಂನಲ್ಲಿ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸು ನಮ್ಮದು. ಕಾಲೊನಿಯ ಮಹಿಳಾ ಸಂಘದವರು ನೌಕರರ ಹೆಂಡಂದಿರಿಗೆಂದೇ ಇಂಗ್ಲಿಷ್ ಮಾತಾಡಲು ಕಲಿಸಿದರು, ಕಂಪ್ಯೂಟರ್ ಕಲಿಸಿದರು, ಒಂದು ಚಳಿಗಾಲ ಕೇಕ್ ಮಾಡುವುದನ್ನೂ ಕಲಿಸಿದರು. ಎಲ್ಲಕ್ಕೂ ಹೆಸರು ಕೊಟ್ಟೆ. ಇಂಗ್ಲಿಷ್ ತರಗತಿ ಊರಿಂದ ನೆಂಟರು ಬಂದಾಗ ತಪ್ಪಿತು, ಅವರು ಹೋದ ಮೇಲೂ ತಪ್ಪಿತು. ಕಂಪ್ಯೂಟರ್ ತರಗತಿಯಲ್ಲಿ ಕೈಗೆ ಮೌಸ್ ಸಿಗುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು, ಕರೆಂಟು ಬರುವಷ್ಟರಲ್ಲಿ ಮಗನ ಸ್ಕೂಲ್ ಬಸ್ಸು ಬರುತ್ತಿತ್ತು. ಯಾಕೆ ಬಿಟ್ಟೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಮಗ ಎರಡನೇ ಕ್ಲಾಸಿಗೆ ಹೋದ ವರ್ಷ ಮುನಿರ್ಕಾದ ಒಂದು ಗಲ್ಲಿಯಲ್ಲಿ, ಹಾಲಿನ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಂಪ್ಯೂಟರಿನಲ್ಲಿ ಅಕೌಂಟ್ಸ್ ಬರೆಯುವುದನ್ನು ಕಲಿಸುವ ಸೆಂಟರಿನ ಬೋರ್ಡು ನೋಡಿದೆ. ನಾನು ಹಾಸನದಲ್ಲಿ ಬಿ.ಕಾಂ. ಓದಿದವಳು. ಮದುವೆಯಾದ ಮೇಲೆ ಆ ಓದು ಟ್ರಂಕಿನ ತಳಕ್ಕೆ ಹೋಗಿತ್ತು. ಅವತ್ತು ಸಂಜೆ ಮನೆಯಲ್ಲಿ ಹೇಳಿದೆ.

"ಸೇರ್ಕೋ. ಫೀಸು ನಾನ್ ಕೊಡ್ತೀನಿ," ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ. "ಎಷ್ಟ್ ದಿನ ಹೋಗ್ತೀಯ ಅನ್ನೋದನ್ನ ಮಾತ್ರ ಮೊದ್ಲೇ ಹೇಳ್ಬಿಡು."

ತಮಾಷೆಗೇ ಅಂದದ್ದು. ಆದರೂ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. "ನಿಮ್ ದುಡ್ಡು ಬೇಡ್ರೀ, ನನ್ ಫೀಸು ನಾನೇ ಕಟ್ಕೋತೀನಿ," ಎಂದೆ.

ಆಗ ನಾನು ಕಾಲೊನಿಯ ಹೆಂಗಸರ ಸೀರೆಗಳಿಗೆ ಫಾಲ್ ಹೊಲಿದು ಕೊಡುತ್ತಿದ್ದೆ. ಮದುವೆ ಸೀಸನ್ನಿನಲ್ಲಿ ಮಂಚದ ಮೇಲೆ ಕೂರಲು ಜಾಗವಿಲ್ಲದಷ್ಟು ಸೀರೆ ಬರುತ್ತಿದ್ದವು. ಆ ಸಂಪಾದನೆ ಪೋಸ್ಟಾಫೀಸಿನಲ್ಲಿ ನನ್ನ ಹೆಸರಿನಲ್ಲಿತ್ತು. ಅದನ್ನಷ್ಟೂ ತೆಗೆದುಕೊಂಡು ಹೋಗಿ ಸೆಂಟರಿನ ಮಾಲೀಕನ ಮುಂದೆ ಕೂತೆ. ಅವನು ಹೇಳಿದ ಫೀಸಿನ ಅರ್ಧಕ್ಕಷ್ಟೇ ಅದು ಸಾಲುತ್ತಿತ್ತು. ಎದ್ದು ಬರೋಣವೆಂದುಕೊಂಡೆ. ಅವನು ನನ್ನ ಹೆಸರು, ವಿಳಾಸ ಕೇಳಿದ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಆಮೇಲೆ, "ಚಲೋ, ಸರ್ಕಾರಿ ನೌಕರರ ಮನೆಯವರಿಗೆ ಅರ್ಧ ಫೀಸು. ಯಾರ ಹತ್ತಿರವೂ ಹೇಳಬೇಡಿ," ಎಂದ. ದೆಹಲಿಯಲ್ಲಿ ಚೌಕಾಸಿ ಮಾಡದೆಯೇ ಗೆದ್ದ ಹೆಣ್ಣು ನಾನೊಬ್ಬಳೇ ಎಂದು ಬೀಗುತ್ತಾ ಮೆಟ್ಟಿಲಿಳಿದೆ.

ಅಲ್ಲಿಂದ ನಾನು ಬೇರೆಯೇ ಹೆಂಗಸಾದೆ. ಜ್ವರ ಬಂದಾಗಲೂ ಹೋದೆ. ಒಂದು ದಿನ ತಪ್ಪಿದರೆ ಅಷ್ಟು ಸೀರೆಗಳ ಹೊಲಿಗೆ ನೀರುಪಾಲು ಎಂದು ಸೂಜಿ ಚುಚ್ಚಿದ ಬೆರಳು ನೆನಪಿಸುತ್ತಿತ್ತು. ಊರಿಂದ ನಾದಿನಿ ಬಂದಿಳಿದ ದಿನ, ಅವಳ ಕೈಗೆ ಕಾಫಿ ಲೋಟ, ಮನೆ ಬೀಗದ ಕೈ ಎರಡನ್ನೂ ಕೊಟ್ಟು ಹೊರಟೆ. "ಅತ್ತಿಗೇ, ನಾನ್ ಬಂದಿದೀನಿ!" ಎಂದು ಅವಳು ಬಾಯಿ ಬಿಟ್ಟುಕೊಂಡು ನಿಂತಿದ್ದಳು.

ತರಗತಿಯಲ್ಲಿ ಹೆಚ್ಚಿನವರು ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಅಪ್ಪಂದಿರು ಫೀಸು ಕಟ್ಟಿ ಕಳಿಸಿದವರು. ನನಗಿಂತ ದೊಡ್ಡವರೆಂದರೆ ಒಬ್ಬರೇ. ಐವತ್ತು ದಾಟಿದ ಪಂಜಾಬಿ ಹೆಂಗಸು, ಗಂಡ ತೀರಿಕೊಂಡಿದ್ದ. ನಾನು ಅವರನ್ನು ದೀದಿ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಾ ಎನ್ನುತ್ತಿದ್ದರು. ಕೈಬಳೆ ಮಾರಿ ಫೀಸು ಕಟ್ಟಿದ್ದರು. ದಿನಾ ರೋಹಿಣಿಯಿಂದ ಬರುತ್ತಿದ್ದರು. ಆಗಷ್ಟೇ ಶುರುವಾಗಿದ್ದ ಮೆಟ್ರೊದಲ್ಲಿ ಅರ್ಧ ದಾರಿ, ಮಿಕ್ಕರ್ಧ ಬಸ್ಸಿನಲ್ಲಿ ನೇತಾಡಿಕೊಂಡು.

"ರೋಹಿಣಿಯಲ್ಲೇ ಇಂಥ ಸೆಂಟರು ಬೇಕಾದಷ್ಟಿವೆಯಲ್ಲ ದೀದಿ?" ಎಂದು ಕೇಳಿದ್ದೆ.

"ಅಲ್ಲೆಲ್ಲ ನನ್ನ ಮಕ್ಕಳ ಸ್ನೇಹಿತರಿದ್ದಾರೆ ಬೇಟಾ. ಈ ವಯಸ್ಸಿನಲ್ಲಿ ಮಮ್ಮಿ ನೌಕರಿಗೆ ಹೊರಟಳು ಅಂತ ನಗ್ತಾರೆ."

ಕೋರ್ಸು ಅರ್ಧ ದಾಟಿತ್ತು. ಒಂದು ಬೆಳಗ್ಗೆ ಹೋದರೆ ಹಾಲಿನಂಗಡಿಯ ಮುಂದೆ ಗುಂಪು. ಮೇಲೆ ಹತ್ತಿದೆ. ಬಾಗಿಲಿಗೆ ಹೊಸ ಬೀಗ. ಕಿಟಕಿಯಿಂದ ಇಣುಕಿದರೆ ಒಳಗೆ ಏನೂ ಇಲ್ಲ. ಕಂಪ್ಯೂಟರಿಲ್ಲ, ಕುರ್ಚಿಯಿಲ್ಲ, ಫ್ಯಾನು ಕೂಡ ಬಿಚ್ಚಿಕೊಂಡು ಹೋಗಿದ್ದರು. ಸೀಲಿಂಗಿನಿಂದ ಎರಡು ತಂತಿ ಇಳಿಬಿದ್ದಿದ್ದವು. "ಟೆಂಪೊ ತಂದು ಎಲ್ಲಾ ತುಂಬಿಕೊಂಡು ಹೋದ. ನನ್ನ ಹಾಲಿನ ಬಾಕಿಯೂ ಕೊಟ್ಟಿಲ್ಲ," ಎಂದು ಅಂಗಡಿಯ ಭಯ್ಯಾ ಕೆಳಗಿನಿಂದ ಕೂಗಿ ಹೇಳಿದ.

ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಕಳ್ಳತನವೆಂದರೆ ರಾತ್ರಿ ಬಾಗಿಲು ಮುರಿದು ಬರುವುದು ಎಂದುಕೊಂಡಿದ್ದೆ. ನಿನ್ನೆ ತಾನೇ "ನಮಸ್ತೇಜಿ, ಚೆನ್ನಾಗಿ ಓದ್ತಿದೀರಲ್ಲ" ಎಂದವನು ಹೀಗೂ ಮಾಡಬಹುದೆಂದು ತಲೆಗೇ ಹೋಗಿರಲಿಲ್ಲ. ಹುಡುಗರು ಪೊಲೀಸ್ ಠಾಣೆಗೆ ಹೋಗಿ ಬಂದರು. ಒಬ್ಬ ಹುಡುಗಿ ಫೋನಿನಲ್ಲಿ ಅಪ್ಪನ ಜೊತೆ ಮಾತಾಡಿ, "ಪಾಪಾ ಹೌಜ್ ಖಾಸಿನ ಸೆಂಟರಿಗೆ ಸೇರಿಸ್ತಾರಂತೆ," ಎಂದು ಪಾನಿಪೂರಿ ಗಾಡಿಯತ್ತ ನಡೆದಳು. ಎಲ್ಲರೂ ಚದುರಿದರು.

ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಎಷ್ಟು ದಿನ ಹೋಗ್ತೀಯ ಎಂದಿದ್ದ ಮನುಷ್ಯನಿಗೆ ಸೆಂಟರೇ ಓಡಿಹೋಯಿತು ಎಂದು ಹೇಗೆ ಹೇಳಲಿ? ಮರುದಿನ ಅದೇ ಹೊತ್ತಿಗೆ ಚಪ್ಪಲಿ ಮೆಟ್ಟಿ ಹೊರಟೆ. ಹಾಲಿನಂಗಡಿಯ ಕಟ್ಟೆಯ ಮೇಲೆ ದೀದಿ ಕೂತಿದ್ದರು.

"ನೀವ್ಯಾಕೆ ಬಂದಿರಿ ದೀದಿ?"

"ನೀನ್ಯಾಕೆ ಬಂದೆ?"

ದೀದಿಯೇ ಎದ್ದು ಸೆರಗಿನ ಹಾಗೆ ದುಪಟ್ಟಾ ಸೊಂಟಕ್ಕೆ ಬಿಗಿದು, "ಚಲೋ, ಮಾಸ್ಟರನ್ನಾದರೂ ಹುಡುಕೋಣ," ಎಂದರು.

ನಮಗೆ ಪಾಠ ಹೇಳುತ್ತಿದ್ದವರು ಪಟ್ನಾ ಕಡೆಯ ತರುಣ, ಮುನಿರ್ಕಾದಲ್ಲೇ ಬಾಡಿಗೆ ಕೋಣೆಯಲ್ಲಿದ್ದು ಯಾವುದೋ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದರು. ಬಾಗಿಲು ತೆರೆದವರೇ ನಮ್ಮನ್ನು ಕಂಡು ಕೈ ಮುಗಿದುಬಿಟ್ಟರು. "ಮೇಡಂ, ನನಗೂ ತಿಂಗಳುಗಟ್ಟಲೆ ಸಂಬಳ ಕೊಟ್ಟಿಲ್ಲ. ನನ್ನ ಹತ್ತಿರ ಏನೂ ಇಲ್ಲ."

"ದುಡ್ಡು ಕೇಳೋಕೆ ಬಂದಿಲ್ಲ. ಮಿಕ್ಕ ಪಾಠ ಹೇಳಿ," ಎಂದರು ದೀದಿ.

ಆ ಹುಡುಗ ನಮ್ಮಿಬ್ಬರ ಮುಖವನ್ನೂ ಬಿಟ್ಟಕಣ್ಣಿಂದ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಹತ್ತಿರದ ಸೈಬರ್ ಕೆಫೆಯಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಒಂದೇ ಕಂಪ್ಯೂಟರಿನ ಮುಂದೆ ಮೂವರೂ ಒತ್ತಿಕೊಂಡು ಕೂರುತ್ತಿದ್ದೆವು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ನಾವಿಬ್ಬರೂ ಹಂಚಿಕೊಳ್ಳುತ್ತಿದ್ದೆವು. ಕೀಲಿಮಣೆ ಒಬ್ಬರ ಕೈಗೆ ಹೋದರೆ ಇನ್ನೊಬ್ಬರು ಬಾಯಲ್ಲೇ ಎಂಟ್ರಿ ಹೇಳಬೇಕು. ಕಲಿಕೆಯೆಂದರೆ ಅದು. ಫ್ಯಾನಿನ ಕೆಳಗೆ ಕೂತು ಕಲಿತದ್ದಕ್ಕಿಂತ ಆ ಇಕ್ಕಟ್ಟಿನಲ್ಲಿ ಕಲಿತದ್ದೇ ಹೆಚ್ಚು.

ಒಂದು ದಿನ ಕರೆಂಟು ಹೋಗಿ ಹೊರಗೆ ಚಾ ಕುಡಿಯುತ್ತಾ ನಿಂತಿದ್ದಾಗ ಮಾಸ್ಟರು, "ನಿಮ್ಮ ಮನೆಯವರಿಗೂ ಬೇಜಾರಾಗಿರಬೇಕು ಮೇಡಂ. ಅವರು ಕಟ್ಟಿದ ದುಡ್ಡೂ ಹೋಯಿತು," ಎಂದರು.

"ಅವರು ಯಾವ ದುಡ್ಡು ಕಟ್ಟಿದ್ದು?"

"ನಿಮ್ಮ ಫೀಸಿನ ಅರ್ಧ. ನೀವು ಸೇರೋ ಮೊದಲೇ ಆಫೀಸಿನಿಂದ ನೇರವಾಗಿ ಬಂದು ಕಟ್ಟಿ ಹೋಗಿದ್ದರು. ನಾನು ಅಲ್ಲೇ ಇದ್ದೆ. ಅವಳಿಗೆ ಹೇಳಬೇಡಿ, ರಿಯಾಯಿತಿ ಅಂತ ಹೇಳಿ ಅಂದಿದ್ದರು. ನಿಮಗೆ... ಗೊತ್ತಿರಲಿಲ್ಲವಾ?"

ಕುಡಿಯದ ಚಾ ಲೋಟವನ್ನು ಕೆಳಗಿಟ್ಟೆ. ಜ್ವರದಲ್ಲೂ ನನ್ನನ್ನು ಎಬ್ಬಿಸಿ ನಡೆಸಿದ್ದು, ನಾದಿನಿಯನ್ನು ಬಾಗಿಲಲ್ಲಿ ಬಿಟ್ಟು ಹೊರಡಿಸಿದ್ದು, ನನ್ನ ದುಡ್ಡು ಎಂಬ ಹೆಮ್ಮೆ. ಅದರಲ್ಲಿ ಅರ್ಧ ಸುಳ್ಳು.

ಸಂಜೆ ಯಜಮಾನರು ಬಂದು ಷರ್ಟು ಬಿಚ್ಚುತ್ತಿದ್ದಾಗಲೇ ಕೇಳಿದೆ. "ಸೆಂಟರಿಗೆ ನೀವ್ ದುಡ್ ಕಟ್ಟಿದ್ರಾ?"

ಗುಂಡಿಯ ಮೇಲೆ ಅವರ ಕೈ ನಿಂತಿತು. "ಯಾರ್ ಹೇಳಿದ್ರು? ಆ ಮಾಲೀಕ ಹೇಳ್ಬಿಟ್ನಾ?"

"ಅವನೆಲ್ಲಿ ಹೇಳ್ತಾನೆ! ಸೆಂಟರ್ ಖಾಲಿ ಮಾಡ್ಕೊಂಡು ಓಡಿಹೋಗಿ ತಿಂಗಳಾಯ್ತು!"

"ಓಡಿಹೋದ್ನಾ? ಮತ್ತೆ ದಿನಾ ನೀನ್ ಎಲ್ಲಿಗ್ ಹೋಗ್ತಿದ್ದೆ?"

ಸೈಬರ್ ಕೆಫೆಯ ಪಾಠದ ವಿಷಯ ಹೇಳಿದೆ. ಮಗ ಹೋಮ್‌ವರ್ಕ್ ಬಿಟ್ಟು, "ಮಮ್ಮಿ, ಕ್ಯಾ ಹುವಾ?" ಎಂದ. ಯಜಮಾನರು ಅವನ ತಲೆ ಸವರಿ, ಮೆಲ್ಲಗೆ ನನಗೆ, "ನನ್ ದುಡ್ಡು ಅಂತ ಗೊತ್ತಾಗಿದ್ರೆ ನೀನ್ ಬಿಟ್ಬಿಡ್ತಿದ್ದೆ ಕಣೇ," ಎಂದರು. ನಿಜವಿದ್ದರೂ ಇರಬಹುದು. ಆದರೆ ಅದನ್ನು ಅವರ ಬಾಯಿಂದ ಕೇಳುವುದು ನನ್ನಿಂದಾಗಲಿಲ್ಲ.

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಹೊಲಿಯಲು ಬಂದ ಸೀರೆಗಳು ಗಂಟು ಬಿಚ್ಚದೆ ಬಿದ್ದಿದ್ದವು. ಯಾತಕ್ಕಾಗಿ ಏಳಬೇಕು ಎನ್ನುವುದೇ ತಿಳಿಯುತ್ತಿರಲಿಲ್ಲ. ಮೂರನೆಯ ದಿನ ಬಾಗಿಲು ಬಡಿಯಿತು. ದೀದಿ, ಬಿಸಿಲಿಗೆ ಮುಖ ಕೆಂಪೇರಿಸಿಕೊಂಡು, ಸೆಕ್ಟರು ಸೆಕ್ಟರು ಅಲೆದು ಕ್ವಾರ್ಟರ್ಸಿನ ನಂಬರು ಹುಡುಕಿ ಬಂದಿದ್ದರು. ನೀರು ಕೊಟ್ಟೆ. ಎಲ್ಲವನ್ನೂ ಹೇಳಿ ಅತ್ತೆ.

ಅವರು ಸಮಾಧಾನ ಮಾಡಲಿಲ್ಲ. ಲೋಟ ಕೆಳಗಿಟ್ಟು, "ನಿನ್ನ ಗಂಡ ನಿನ್ನ ಮೇಲೆ ದುಡ್ಡು ಹಾಕಿದ ಅಂತ ನೀನು ಅಳ್ತಿದೀಯ. ನಾನು ಮಕ್ಕಳ ಹತ್ತಿರ ಬಸ್ಸಿನ ಚಿಲ್ಲರೆ ಕೇಳಿದರೆ, ಮನೇಲಿ ಕೂತ್ಕೋ ಮಮ್ಮಿ ಅಂತಾರೆ. ಏಳು. ಅರ್ಧ ನಿನ್ನದು ಇತ್ತಲ್ಲ? ಆ ಅರ್ಧಕ್ಕಾದರೂ ಏಳು," ಎಂದರು.

ಮುಖ ತೊಳೆದುಕೊಂಡು ಅವರ ಜೊತೆ ಹೊರಟೆ.

ಪಾಠ ಮುಗಿದ ಮೇಲೆ ಇಬ್ಬರೂ ಒಟ್ಟಿಗೇ ಕೆಲಸ ಹುಡುಕಿದೆವು. ಭಿಕಾಜಿ ಕಾಮಾ ಪ್ಲೇಸಿನಲ್ಲಿ ಕಾರಿನ ಬಿಡಿಭಾಗಗಳ ವ್ಯಾಪಾರಿಯೊಬ್ಬರ ಆಫೀಸಿತ್ತು. ಸರ್ಟಿಫಿಕೇಟು ಇಲ್ಲವೆಂದೆವು. ಅವರು ಒಂದಿಷ್ಟು ಬಿಲ್ಲುಗಳನ್ನು ಮುಂದೆ ಹಾಕಿ, ಎಂಟ್ರಿ ಮಾಡಿ ತೋರಿಸಿ ಎಂದರು. ಮಾಡಿದೆ. ತಲೆಯಾಡಿಸಿದರು. ಆಮೇಲೆ ದೀದಿಯ ಕಡೆ ತಿರುಗಿ, "ನೀವು ಇವರ ಜೊತೆ ಬಂದವರಾ ಆಂಟೀಜಿ? ಅಲ್ಲಿ ಸೋಫಾ ಇದೆ, ಕೂತ್ಕೊಳ್ಳಿ," ಎಂದರು.

ನಮ್ಮಿಬ್ಬರಲ್ಲಿ ಚುರುಕು ದೀದಿಯೇ. ನಾನು ತಡವರಿಸುತ್ತಿದ್ದಾಗ ಎಂಟ್ರಿ ಬಾಯಲ್ಲಿ ಹೇಳಿಕೊಟ್ಟವರು ಅವರು. "ಇವರಿಗೂ ಬರುತ್ತೆ ಸರ್, ನನಗಿಂತ ಚೆನ್ನಾಗಿ," ಎಂದೆ. ವ್ಯಾಪಾರಿ ನಕ್ಕರು, ಕೆಟ್ಟದಾಗಿಯೇನಲ್ಲ, ಮಕ್ಕಳ ಮಾತಿಗೆ ನಕ್ಕ ಹಾಗೆ. ಬಿಲ್ಲುಗಳನ್ನು ದೀದಿಯ ಮುಂದೆ ಸರಿಸಲೇ ಇಲ್ಲ. ಲಿಫ್ಟಿನಲ್ಲಿ ಇಳಿಯುವಾಗ ದೀದಿ ನನ್ನ ಕೈ ಗಟ್ಟಿಯಾಗಿ ಹಿಡಿದು, "ನೀನು ಸೇರ್ಕೋ. ನನಗೋಸ್ಕರ ಬಿಟ್ಟೆ ಅಂದ್ರೆ ಕಪಾಳಕ್ಕೆ ಬಾರಿಸ್ತೀನಿ," ಎಂದರು.

ಸೇರಿದೆ. ಮೊದಲ ಸಂಬಳದಲ್ಲಿ ಆ ಅರ್ಧ ಫೀಸನ್ನು ಯಜಮಾನರ ಮುಂದಿಟ್ಟೆ. ಬೇಡ ಎನ್ನುತ್ತಾರೆಂದು ಕಾದೆ. ಅವರು ತೆಗೆದುಕೊಂಡು ಜೇಬಿಗಿಟ್ಟುಕೊಂಡರು. ನನಗೆ ಅದೂ ಒಂದು ಆಘಾತವೇ. ಆದರೆ ಅವರು ನನಗಾಗಿ ಮಾಡಿದ ಕೆಲಸಗಳಲ್ಲಿ ಅದೇ ಒಳ್ಳೆಯದೆಂದು ಆಮೇಲೆ ಅನ್ನಿಸಿತು.

ದೀದಿ ಅಲೆಯುತ್ತಲೇ ಇದ್ದರು. ಎಲ್ಲ ಕಡೆಯೂ ಸೋಫಾ ತೋರಿಸುವವರೇ. ಫೀಸು ಕಟ್ಟಿದವರು ಗೆದ್ದೇ ಗೆಲ್ಲುತ್ತಾರೆ ಎಂದು ಯಾರಾದರೂ ಹೇಳಿದಾಗ ನನಗೆ ಅವರ ಬಳೆಯಿಲ್ಲದ ಕೈಗಳು ಕಾಣುತ್ತವೆ. ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಆಫೀಸಿಗೆ ಅವರ ಫೋನು ಬಂತು. ಯಾವುದೋ ಬಟ್ಟೆ ಸಗಟು ಅಂಗಡಿಯವರು ಕರೆದಿದ್ದರಂತೆ. ಮೊದಲ ಕೆಲವು ತಿಂಗಳು ಸಂಬಳವಿಲ್ಲದೆ ಮಾಡಿ, ಆಮೇಲೆ ನೋಡೋಣ ಎಂದರಂತೆ.

"ಒಪ್ಪಿಕೊಂಡ್ರಿ ತಾನೇ?" ಎಂದೆ.

"ಇಲ್ಲ ಬೇಟಾ. ಪುಕ್ಕಟೆ ಮಾಡಲ್ಲ ಅಂತ ಹೇಳಿ ಎದ್ದು ಬಂದೆ."

ಅಷ್ಟು ಸಮಯ ಅಲೆದವರು, ಸಿಕ್ಕಿದ ಒಂದೇ ಕೆಲಸವನ್ನು ಹೀಗೆ ಒದ್ದು ಬಂದರಲ್ಲ!

"ಕೇಳಿಸ್ಕೋ, ಮುಗೀಲಿಲ್ಲ," ಎಂದರು ಅವರು. "ಇವತ್ತು ಬೆಳಗ್ಗೆ ಅವರೇ ಫೋನ್ ಮಾಡಿದ್ದರು. ಸೋಮವಾರದಿಂದ ಬರೋಕೆ ಹೇಳಿದಾರೆ. ಸಂಬಳ ಕೊಟ್ಟು."