ಹುಣಸೆ ನೀರಿನಲ್ಲಿ ತೊಳೆದ ಹೊಟ್ಟು

ನನ್ನ ಸಂಶೋಧನೆಯ ಮಾರ್ಗದರ್ಶಕರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸುವ ಆಲೋಚನೆಯೂ ಇಲ್ಲ.

ಎಂಬತ್ತರ ದಶಕದಲ್ಲಿ ನಾನು ವಿಶ್ವವಿದ್ಯಾಲಯದಲ್ಲಿ ವೇಗವರ್ಧಕಗಳ ಬೆನ್ನು ಹತ್ತಿದ್ದೆ. ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವೇ ವೇಗವರ್ಧಕ. ಸಿಂಧನೂರಿನ ಅಕ್ಕಿ ಗಿರಣಿಗಳ ಹಿಂದೆ ಗುಡ್ಡೆ ಬಿದ್ದಿರುತ್ತಿದ್ದ ಭತ್ತದ ಹೊಟ್ಟನ್ನು ಸುಟ್ಟು, ಆ ಬೂದಿಗೆ ನಿಕಲ್ ಹಿಡಿಸಿ, ಎಣ್ಣೆಯನ್ನು ವನಸ್ಪತಿ ಮಾಡುವ ಪುಡಿಯೊಂದನ್ನು ತಯಾರಿಸಿದೆ. ಪೇಟೆಯ ದುಬಾರಿ ಪುಡಿಗಿಂತ ಅದು ಚುರುಕಾಗಿತ್ತು. ಮೂರು ವರ್ಷದ ಬೆವರು. ಮಾರ್ಗದರ್ಶಕರು ಓದುತ್ತೇನೆಂದು ನನ್ನ ನೋಟ್‌ಬುಕ್ ಒಯ್ದರು. ಆರು ತಿಂಗಳಲ್ಲಿ ಲೇಖನ ಅಚ್ಚಾಗಿ ಬಂತು, ಅವರೊಬ್ಬರದೇ ಹೆಸರಲ್ಲಿ. ಕೇಳಿದರೆ, "ನೀನಿನ್ನೂ ಚಿಕ್ಕವನು, ಅವಸರ ಯಾಕೆ?" ಎಂದು ಬೆನ್ನು ತಟ್ಟಿದರು. ನನ್ನ ಪದವಿ ಅವರ ಸಹಿಯಲ್ಲಿತ್ತು. ಪ್ರಬಂಧ ಮುಗಿಸಿ ಅದೇ ಸಹಿಗೆ ಅವರ ಮುಂದಿಟ್ಟೆ.

ಆದರೆ ನೋಟ್‌ಬುಕ್ಕಿನಲ್ಲಿ ಒಂದು ಮಾತು ಇರಲಿಲ್ಲ. ಹೊಟ್ಟನ್ನು ನಾನು ತೊಳೆಯುತ್ತಿದ್ದುದು ಮಸ್ಕಿಯ ನಮ್ಮ ಮನೆಯಂಗಳದಲ್ಲಿ, ಹುಣಸೆಹಣ್ಣು ಕುದಿಸಿದ ನೀರಿನಲ್ಲಿ. ಅವ್ವ ತಾಮ್ರದ ಕೊಡ ಬೆಳಗುವುದನ್ನು ನೋಡಿ ಹೊಳೆದದ್ದು. ಪುಡಿಯ ಚುರುಕೆಲ್ಲ ಆ ಹುಳಿಯಲ್ಲಿತ್ತು. ಬರೆದರೆ ನಗುತ್ತಾರೆಂಬ ನಾಚಿಕೆಗೆ 'ಚೆನ್ನಾಗಿ ತೊಳೆದ ಹೊಟ್ಟು' ಎಂದಷ್ಟೇ ಬರೆದಿದ್ದೆ.

ತೊಂಬತ್ತರ ದಶಕ ಬರುವ ಹೊತ್ತಿಗೆ ನಾನೂ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದೆ. ಮಾರ್ಗದರ್ಶಕರ ಲೇಖನ ನಂಬಿ ಪುಡಿ ಮಾಡಿದವರಿಗೆಲ್ಲ ಬರೀ ಬೂದಿ ಸಿಕ್ಕಿತ್ತು. ಇವರು ಸುಳ್ಳು ಬರೆದಿದ್ದಾರೆಂಬ ಗುಸುಗುಸು ಹಬ್ಬಿತ್ತು. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಲಿಂಗಸುಗೂರಿನ ಬಸ್ಸಿಳಿದು, ಬೆವರೊರೆಸುತ್ತ, ಅವರೇ ಮಸ್ಕಿಯ ನಮ್ಮ ಮನೆ ಹುಡುಕಿಕೊಂಡು ಬಂದರು.

ಅವ್ವ ತಾಮ್ರದ ಚೊಂಬಿನಲ್ಲಿ ನೀರು ಕೊಟ್ಟಳು.

"ಎಷ್ಟು ಚೆನ್ನಾಗಿ ಹೊಳೆಯುತ್ತಮ್ಮ!" ಎಂದರು.

"ಹುಣಸಿಹಣ್ಣು ಹಚ್ಚಿ ತಿಕ್ಕೀನ್ರೀ ಸಾಹೇಬ್ರ. ಹುಳಿ ಬಿತ್ತಂದ್ರ ಎಂಥಾ ಹೊಲಸಿದ್ರೂ ಬಿಡತೈತ್ರಿ."

ಗುಟ್ಟು ಹೊರಬಿತ್ತೆಂದುಕೊಂಡೆ. ಅವರು ಗಟಗಟ ಕುಡಿದು ಚೊಂಬು ಕೆಳಗಿಟ್ಟರು. ಆಮೇಲೆ ದನಿ ತಗ್ಗಿಸಿ, "ಆ ಹೊಟ್ಟಿಗೆ ಇನ್ನೇನು ಮಾಡುತ್ತಿದ್ದೆ? ಹೇಳಪ್ಪ, ನನ್ನ ಮರ್ಯಾದೆ ಪ್ರಶ್ನೆ" ಎಂದರು.

"ಎಲ್ಲಾ ನಿಮ್ಮ ಲೇಖನದಾಗ ಐತಲ್ರೀ ಸರ್," ಎಂದೆ.

ಹೊಟ್ಟೆ ತಣ್ಣಗಾಯಿತು. ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಅವರನ್ನು ಬಸ್ಸು ಹತ್ತಿಸಿ ಬಂದೆ.

ಮರುವರ್ಷ ಹುಣಸೆಯ ಮಾತನ್ನೂ ಸೇರಿಸಿ ನನ್ನ ಹೆಸರಲ್ಲಿ ಲೇಖನ ಅಚ್ಚಾಯಿತು. ಈ ಸಲ ಮಾಡಿದವರಿಗೆಲ್ಲ ಪುಡಿ ಕೆಲಸ ಮಾಡಿತು. ಒಂದು ಪ್ರತಿಯನ್ನು, ಒಂದು ಮುಷ್ಟಿ ಹುಣಸೆಹಣ್ಣಿನ ಸಮೇತ, ಅವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ತಲುಪಿತೆಂದು ಅವರು ಸಹಿ ಹಾಕಿದ ಚೀಟಿ ವಾಪಸು ಬಂತು. ಅವರದೇ ಸಹಿಯಿರುವ ನನ್ನ ಪದವಿ ಪತ್ರದ ಜೊತೆ ಅದನ್ನೂ ಇಟ್ಟುಕೊಂಡಿದ್ದೇನೆ. ತೆಗೆದು ನೋಡುವುದು ಚೀಟಿಯನ್ನೇ.