ಉಡಿಯೋ ಪಗಾರವೋ

ನನಗೆ ಕಾನೂನು ತಿಳಿಯುವುದಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಾರೆ. ನಿಜ ಹೇಳಬೇಕೆಂದರೆ ಅವರಿಗೂ ತಿಳಿಯುವುದಿಲ್ಲ. ತಿಳಿಯದಿದ್ದಾಗ ನಾನು ಒದರಾಡುತ್ತೇನೆ, ಅವರು ಕನ್ನಡಕ ಒರೆಸುತ್ತಾರೆ, ಅಷ್ಟೇ ವ್ಯತ್ಯಾಸ. ಆ ಹುಡುಗಿ ನಮ್ಮಲ್ಲಿಗೆ ಬರುತ್ತಿದ್ದಷ್ಟು ದಿನವೂ ನಮ್ಮಿಬ್ಬರಿಗೂ ಇದೇ ಕೆಲಸ.

ಬಸವಕಲ್ಯಾಣದಲ್ಲಿ ನಮ್ಮದೊಂದು ಔಷಧಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹುಡುಗಿ ಟಾಂಜಾನಿಯಾದವಳು, ಹುಮನಾಬಾದಿನಲ್ಲಿ ಹಾಸ್ಟೆಲಿನಲ್ಲಿದ್ದು ಫಾರ್ಮಸಿ ಓದುತ್ತಿದ್ದಳು, ಅಷ್ಟರಲ್ಲಿ ನಮ್ಮ ಕಡೆಯ ಕನ್ನಡವನ್ನೂ ಕಲಿತಿದ್ದಳು. ಕೊನೆಯ ವರ್ಷ ಔಷಧಿ ಅಂಗಡಿಯೊಂದರಲ್ಲಿ ತರಬೇತಿ ಆಗಬೇಕು ಎಂದು ಕಾಲೇಜಿನವರು ನಮ್ಮಲ್ಲಿಗೆ ಕಳಿಸಿದ್ದರು. ಬೆಳಿಗ್ಗೆಯ ಬಸ್ಸಿಗೆ ಬರುವಳು, ಸಂಜೆಯ ಬಸ್ಸಿಗೆ ಹೋಗುವಳು. ಬಂದ ದಿನವೇ ಯಜಮಾನರು ನನ್ನನ್ನು ಒಳಗೆ ಕರೆದರು.

"ನೋಡು, ಆಕಿದು ಸ್ಟೂಡೆಂಟ್ ವೀಸಾ. ಕಲೀಲಿಕ್ಕ ಬರ್ತದ, ದುಡೀಲಿಕ್ಕ ಬರಂಗಿಲ್ಲ. ಪಗಾರ ಕೊಟ್ಟೇವಂತ ಗೊತ್ತಾದ್ರ ಆಕಿನ್ನ ವಾಪಸ್ ಊರಿಗಿ ಕಳಸ್ತಾರಂತ."

"ಅಂದ್ರ ಕೆಲಸ ಕಲೀಬೇಕು, ಕೆಲಸ ಮಾಡಬಾರದು?"

"ಹಂಗೇ ಅನ್ನು."

"ಮಾಡದ ಹ್ಯಾಂಗ ಕಲೀತಾರ್ರಿ? ಈಜು ಕಲಿ, ಬಾವ್ಯಾಗ ಇಳೀಬ್ಯಾಡ ಅಂದಂಗಾತು."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು.

ಕೊನೆಗೆ ಅವರೇ ಒಂದು ಗೆರೆ ಎಳೆದರು. ಚೀಟಿ ಓದುವುದು, ಮಾತ್ರೆ ಹುಡುಕುವುದು, ಹೇಗೆ ನುಂಗಬೇಕೆಂದು ಹೇಳುವುದು ಕಲಿಕೆ. ರೊಕ್ಕ ತೆಗೆದುಕೊಳ್ಳುವುದು ಕೆಲಸ. ಈ ಗೆರೆ ಯಾವ ಕಾನೂನಿನಲ್ಲಿತ್ತೋ ದೇವರೇ ಬಲ್ಲ. ಹುಡುಗಿ ಮಾತ್ರ ಅದನ್ನು ಶಿರಸಾವಹಿಸಿ ಪಾಲಿಸಿದಳು. ಯಜಮಾನರು ಊಟಕ್ಕೆ ಒಳಗೆ ಹೋಗಿ, ಅಂಗಡಿಯಲ್ಲಿ ನಾನು ಕೂತಿದ್ದಾಗ ಮಂಠಾಳದ ಹಿರಿಯರೊಬ್ಬರು ಮಂಡಿನೋವಿನ ಮುಲಾಮು ತೆಗೆದುಕೊಂಡು ನೋಟು ಚಾಚಿದರೆ, ಇವಳು ಎರಡು ಹೆಜ್ಜೆ ಹಿಂದೆ ಸರಿದಳು.

"ನಾ ರೊಕ್ಕ ಮುಟ್ಟಂಗಿಲ್ರಿ."

ಹಿರಿಯರು ಥಟ್ಟನೆ ಕೈ ಮುಗಿದುಬಿಟ್ಟರು. ಶರಣರ ಊರಿನಲ್ಲಿ ರೊಕ್ಕ ಮುಟ್ಟುವುದಿಲ್ಲ ಎಂದರೆ ಜನ ಇನ್ನೇನು ತಿಳಿಯಬೇಕು? ನನ್ನ ಕಡೆ ಬಗ್ಗಿ, "ಯಾವ ಮಠದಾಗ ದೀಕ್ಷಾ ತಗೊಂಡಾರ್ರಿ ಈ ತಾಯಿ?" ಎಂದು ಪಿಸುಗುಟ್ಟಿದರು.

"ಮಠ ಅಲ್ರಿ ಯಪ್ಪಾ, ವೀಸಾ" ಎಂದೆ.

"ಇರ್ಲಿ ಬಿಡ್ರಿ, ಯಾವ ದೇವ್ರಾದ್ರೂ ಒಂದ" ಎನ್ನುತ್ತ ಅವರು ಹೊರಟರು. ಹುಡುಗಿಯೂ ನಾನೂ ಬಿದ್ದು ಬಿದ್ದು ನಕ್ಕೆವು.

ಆದರೆ ಮನೆಯೊಳಗೆ ಗೆರೆ ಎಲ್ಲಿ ಎಳೆಯುವುದು? ಮಧ್ಯಾಹ್ನ ನಮ್ಮ ಜೊತೆಯೇ ಉಣ್ಣುತ್ತಿದ್ದಳು. ಅವರ ಊರಲ್ಲೂ ಜೋಳದ ಹಿಟ್ಟು ಕುದಿಸಿ ಗಟ್ಟಿ ಮುದ್ದೆ ಮಾಡುತ್ತಾರಂತೆ. ನಮ್ಮ ಅತ್ತೆ ಕೂಡಿಸಿಕೊಂಡು ರೊಟ್ಟಿ ಬಡಿಯುವುದನ್ನು ಕಲಿಸಿದರು. ಮೊದಲ ರೊಟ್ಟಿ ಭೂಪಟವಾಯಿತು, ಬರುಬರುತ್ತ ದುಂಡಗಾಯಿತು. ಒಂದು ದಿನ ತಾಟಿನ ಮುಂದೆ ಕೂತವಳು ತಿನ್ನದೆ ನನ್ನ ಮುಖ ನೋಡಿದಳು.

"ಅಕ್ಕಾ, ರೊಟ್ಟಿ ನಾನೇ ಮಾಡಿ ನಾನೇ ತಿಂದ್ರ, ಅದು ಊಟನೋ ಪಗಾರನೋ?"

"ಹುಚ್ಚಿ, ಬಾಯಿ ಮುಚ್ಚಿ ಉಣ್ಣು" ಎಂದು ಬೈದೆ. ಬೈದೆನಾದರೂ ಆ ಪ್ರಶ್ನೆ ನನ್ನ ತಲೆಯೊಳಗೂ ಹುಳ ಬಿಟ್ಟಿತು. ಕಸ ಗುಡಿಸಿದರೆ? ಅತ್ತೆಯ ಕಾಲೊತ್ತಿದರೆ? ನಾನು ಈ ಮನೆಗೆ ಬಂದಾಗಿನಿಂದ ಮಾಡುತ್ತಿರುವುದೆಲ್ಲ ಏನು ಹಾಗಾದರೆ? ಯಜಮಾನರನ್ನು ಕೇಳಿದೆ. ಅವರು ಈ ಸಲ ಕನ್ನಡಕ ಒರೆಸುವುದನ್ನೂ ಬಿಟ್ಟು ಎದ್ದು ಅಂಗಡಿಗೆ ಹೋದರು.

ತರಬೇತಿ ಮುಗಿದ ದಿನ ಶುಕ್ರವಾರ. ಅತ್ತೆ ಬೆಳಿಗ್ಗೆಯೇ ಹೇಳಿದ್ದರು, "ಮನಿ ಮಗಳು ಹೊಂಟಾಳ, ಖಾಲಿ ಉಡಿಲೆ ಹ್ಯಾಂಗ ಕಳಸ್ತಿ?" ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿ, ಹಣೆಗೆ ಕುಂಕುಮ ಹಚ್ಚಿ, ಹೆಗಲ ಮೇಲಿನ ಓಡ್ನಿ ಹಿಡಿಸಿ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಬೇರು, ಎಲೆ ಅಡಿಕೆ, ಕುಪ್ಪಸಕ್ಕೊಂದು ಹಸಿರು ಕಣ, ಅದರ ಮೇಲೊಂದು ನೋಟು. ತವರಿನಿಂದ ಹೊರಟವಳ ಉಡಿಯಲ್ಲಿ ರೊಕ್ಕ ಇಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಅತ್ತಳು, ನಾನೂ ಅತ್ತುಬಿಟ್ಟೆ.

ಮುಂದಿನ ವಾರ ಹೇಳದೆ ಕೇಳದೆ ಬಂದಳು. ಕೈಯಲ್ಲಿ ಅದೇ ಉಡಿಯ ಗಂಟು. ಎಲೆ ಮಾತ್ರ ಒಣಗಿದ್ದವು, ಉಳಿದದ್ದೆಲ್ಲ ಹಾಗೇ ಇತ್ತು. ಒಂದು ಪರೀಕ್ಷೆ ಉಳಿದಿತ್ತು, ಅಷ್ಟರೊಳಗೆ ವೀಸಾ ಮುಗಿಯುತ್ತಿತ್ತು. ಮುಂದುವರಿಸಲು ಅರ್ಜಿ ಹಾಕಿದ್ದಳು. ವೀಸಾ ಕಚೇರಿಯವರು ವಿಚಾರಣೆಗೆ ಕರೆದಾಗ, ತರಬೇತಿಯಲ್ಲಿ ಏನಾದರೂ ಸಿಕ್ಕಿತೇ ಎಂದು ಕೇಳುತ್ತಾರೆ ಅಂತ ಹಾಸ್ಟೆಲಿನ ಗೆಳತಿಯರು ಹೆದರಿಸಿದ್ದರು. ಅಕ್ಕಿ, ಬಟ್ಟೆ, ರೊಕ್ಕ, ಇದು ಪಗಾರವಲ್ಲದೆ ಮತ್ತೇನು ಅಂದಿದ್ದರಂತೆ. ಅರ್ಜಿ ತಿರಸ್ಕರಿಸಿದರೆ ಪದವಿಯಿಲ್ಲದೆ ಊರಿಗೆ ಹೋಗಬೇಕು. ಅಷ್ಟು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಇದು ತಗೋ ಅಕ್ಕಾ" ಎಂದು ಗಂಟು ಮುಂದೆ ಚಾಚಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ನಾ ನಿನಗ ಕೂಲಿ ಕೊಟ್ಟೇನೇನು? ಉಡಿ ತಿರುಗಿ ಕೊಡ್ತಾರೇನು ಯಾರರ? ನಮ್ಮಲ್ಲಿ ಸತ್ತ್ರೂ ಹಂಗ ಮಾಡಂಗಿಲ್ಲ!"

"ನನಗ ಗೊತ್ತದ ಅಕ್ಕಾ. ಅವರು ಕೇಳಿದ್ರ ನಾ ಏನ್ ಹೇಳ್ಲಿ? ಸುಳ್ಳು ಹೇಳ್ಲಿ?"

ಯಜಮಾನರು ಫೋನು ಹಚ್ಚಿದರು. ಬೀದರಿನ ವಕೀಲ ಗೆಳೆಯರು, ಉಡುಗೊರೆಯಾದರೆ ನಡೆಯುತ್ತದೆ ಎಂದರು. ಹುಮನಾಬಾದಿನ ಇನ್ನೊಬ್ಬರು, ಬಟ್ಟೆ ನಡೆಯುತ್ತದೆ, ಅಕ್ಕಿ ನಡೆಯುತ್ತದೆ, ನೋಟು ಮಾತ್ರ ಅನುಮಾನ ಎಂದರು. ನೋಟು ತೆಗೆದರೆ ಉಳಿದದ್ದು ಉಡಿಯಾಗುತ್ತದೆಯೇ ಎಂದು ನಾನು ಹಿಂದಿನಿಂದ ಕೂಗಿದೆ. ಫೋನಿನಾಚೆಯವರು, ಬೇರೆ ಕರೆ ಬರುತ್ತಿದೆ ಎಂದು ಇಟ್ಟುಬಿಟ್ಟರು.

ಅಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದ ಅತ್ತೆ ಮಾತಾಡಿದರು. "ತಿರುಗಿ ಇಸ್ಕೊಳ್ಳೋದು ಬ್ಯಾಡ. ಆಕಿ ಕೈಲೆ ನೀ ಉಡಿ ತುಂಬಸ್ಕೊ. ಆಕಿ ಕೈನೂ ಖಾಲಿ ಆಗ್ತದ, ಶಾಸ್ತ್ರನೂ ತಪ್ಪಂಗಿಲ್ಲ."

ಹಾಗೇ ಮಾಡಿದೆವು. ಈ ಸಲ ಮಣೆಯ ಮೇಲೆ ನಾನು ಕೂತೆ. ಅವಳು ನನ್ನ ಹಣೆಗೆ ಕುಂಕುಮ ಹಚ್ಚಿದಳು, ನಾನು ಸೆರಗು ಹರಡಿದೆ. ಕೊಬ್ಬರಿ, ಕಣ, ನೋಟು ಎಲ್ಲವನ್ನೂ ಒಂದೊಂದಾಗಿ ಇಟ್ಟು, ಬೊಗಸೆಯಿಂದ ಅಕ್ಕಿ ಸುರಿದಳು. ಒಂದು ಕಾಳನ್ನೂ ಚೆಲ್ಲಲಿಲ್ಲ. ಉಡಿ ತುಂಬಿಸಿಕೊಂಡವರು ತುಂಬಿದವರಿಗೆ ಒಂದು ಹಿಡಿ ಅಕ್ಕಿ ಮರಳಿ ಕೊಡಬೇಕು, ಅದು ನಮ್ಮ ಕಡೆಯ ರೂಢಿ. ನನ್ನ ಕೈ ತಾನಾಗಿಯೇ ಹಿಡಿ ತುಂಬಿ ಮುಂದೆ ಹೋಯಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ ಅಕ್ಕಾ."

ಅಕ್ಕಿ ಹಿಡಿದ ಮುಷ್ಟಿಯನ್ನು ಎಲ್ಲಿ ಬಿಚ್ಚಬೇಕೆಂದು ತಿಳಿಯದೆ ಕೂತೇ ಇದ್ದೆ. ಬಸ್ಸಿನ ಹೊತ್ತಾಯಿತೆಂದು ಅವಳು ಎದ್ದಳು. ಅವತ್ತು ಉಣ್ಣಲೂ ಇಲ್ಲ.

ಕೆಲವು ದಿನಗಳ ನಂತರ ಫೋನು ಬಂತು. ವೀಸಾ ಮುಂದುವರಿದಿತ್ತು. ಉಡಿಯ ಮಾತು ಹಾಗಿರಲಿ, ಅಂಗಡಿಯ ಮಾತನ್ನೂ ಯಾರೂ ತೆಗೆಯಲಿಲ್ಲವಂತೆ. ಅವಳು ನಗುತ್ತಿದ್ದಳು. ನನಗೆ ಖುಷಿಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಿದರೆ ಈಗಲೂ ಹೇಳಲಾರೆ.

"ಹಂಗಾದ್ರ ನಾಳೆ ಬಾ. ನಿನ್ನ ಉಡಿ ಒಯ್ಯಿ" ಎಂದೆ.

ಆ ಕಡೆ ನಗು ನಿಂತಿತು.

"ಓದು ಮುಗೀಲಿ ಅಕ್ಕಾ" ಎಂದಳು. ಮತ್ತೆ ಮೆಲ್ಲಗೆ ಕೇಳಿದಳು, "ಮುಗದ ಮ್ಯಾಲೆ ಯಾರೂ ಕೇಳಂಗಿಲ್ಲ ಅಲ್ಲ?"

ಕೇಳುವುದಿಲ್ಲ ಮಗಳೇ ಎಂದು ಹೇಳಬೇಕೆಂದು ಬಾಯಿ ತೆರೆದೆ. ನನಗೂ ಗೊತ್ತಿರಲಿಲ್ಲ.