ಗಾಯವಾದರೂ ಸಂಬಳ

ನಮ್ಮ ರೂಮಿನಲ್ಲಿ ಶುಕ್ರವಾರದ ನೀರುದೋಸೆ ಒಂದೇ ಒಂದು ಸಲವೂ ನೆಟ್ಟಗೆ ಎದ್ದು ಬಂದದ್ದಿಲ್ಲ. ತಪ್ಪು ಇಲ್ಲಿ ಸಿಗುವ ಅಕ್ಕಿಯದೋ, ಕಾವಲಿಯದೋ, ನನ್ನ ಕೈಯದೋ ಎಂಬ ವಿಚಾರಣೆ ಹದಿನಾಲ್ಕು ವರ್ಷದಿಂದ ನಡೆಯುತ್ತಿದೆ, ತೀರ್ಪು ಬಂದಿಲ್ಲ. ಮೊನ್ನೆ ನಾನು ಕಾವಲಿಯ ಅಂಚು ಕೆರೆಯುತ್ತಿದ್ದೆ. ಸೀದ ಹಿಟ್ಟಿನ ವಾಸನೆ ಅಡುಗೆಮನೆ ತುಂಬಿತ್ತು. ರಿಯಾಜ್ ಫೋನು ಹಿಡಿದುಕೊಂಡು ಬಾಗಿಲಿಗೆ ಬಂದ. ಭಟ್ಕಳದವನು, ಸೌದಿಯ ಥುಕ್ಬಾದ ಈ ರೂಮಿಗೆ ಬಂದು ಎರಡು ತಿಂಗಳಾಗಿಲ್ಲ.

"ಭಾಯಿ, ಇಲ್ಲಿ ನೋಡಿ. ಅಮೆರಿಕದ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನಿಗೆ ಮ್ಯಾಕ್ಸ್ ಕಾಂಟ್ರಾಕ್ಟ್ ಅಂತೆ. ಎಷ್ಟು ಅಂತ ಓದ್ಲಿಕ್ಕೆ ಹೋದ್ರೆ ಸೊನ್ನೆ ಮುಗಿಯುವುದೇ ಇಲ್ಲ. ಇದು ಜಾಸ್ತಿ ಆಗ್ಲಿಲ್ವಾ?"

ಅವನು ಕೇಳಿದ್ದು ಬರಿಯ ಮಾತಿಗೆ. ಹೌದು ಎಂದರೂ ಆಗುತ್ತಿತ್ತು, ಅಲ್ಲ ಎಂದರೂ ಆಗುತ್ತಿತ್ತು. ನಾನು "ದೋಸೆ ಹರಿಯಿತು" ಎಂದೆ. ಅವನು ನಕ್ಕು ಒಳಗೆ ಹೋದ. ನಾನು ಸೌಟು ಹಿಡಿದುಕೊಂಡು ಅಲ್ಲೇ ನಿಂತೆ. ಕಾವಲಿಯ ಮೇಲಿದ್ದದ್ದು ಕರಿಯಾಗುವವರೆಗೂ ನಿಂತಿದ್ದೆ.

ಈ ಪ್ರಶ್ನೆಗೆ ಒಂದು ಕಾಲದಲ್ಲಿ ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು. ನಿಮ್ಮ ಹತ್ತಿರವೂ ಇರಬಹುದು. ಚೆಂಡನ್ನು ಬಳೆಯೊಳಗೆ ಹಾಕುವುದಕ್ಕೆ ಅಷ್ಟು ಹಣ ಜಾಸ್ತಿಯೇ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಅದನ್ನು ಪ್ರತಿ ಶುಕ್ರವಾರ, ಇದೇ ರೂಮಿನಲ್ಲಿ, ಗಟ್ಟಿಯಾಗಿ ಹೇಳುತ್ತಿದ್ದೆ. ಅಲ್ಲ ಎನ್ನುವವರು ಒಬ್ಬರೇ ಇದ್ದರು, ಹಸನಾಕ. ಹೆಸರು ಹಸನಬ್ಬ. ನನಗಿಂತ ಆರು ವರ್ಷ ದೊಡ್ಡವರು, ಆದ್ದರಿಂದ ನಮ್ಮ ಬ್ಯಾರಿಗಳ ಕ್ರಮದಲ್ಲಿ ಹಸನಾಕ. ಉಳ್ಳಾಲದವರು. ಇಬ್ಬರೇ ಇದ್ದಾಗ ನಾವು ಬ್ಯಾರಿ ಮಾತಾಡುತ್ತಿದ್ದೆವು. ಆದರೆ ರೂಮಿನಲ್ಲಿ ತುಳುವಿನವರೂ ಕೊಂಕಣಿಯವರೂ ಇದ್ದದ್ದರಿಂದ ಜಗಳಕ್ಕೆ ಮಾತ್ರ ಕನ್ನಡ. ಊರಿನಲ್ಲಿ ಶಾಲೆ ಬಿಟ್ಟ ಮೇಲೆ ನಾನು ಇಷ್ಟು ಕನ್ನಡ ಮಾತಾಡಿದ್ದು ಸೌದಿಯಲ್ಲಿಯೇ, ಅದೂ ಬಾಸ್ಕೆಟ್‌ಬಾಲಿನ ವಿಷಯದಲ್ಲಿ.

ನಮ್ಮ ಕಂಪೆನಿ ಕಟ್ಟಡಗಳನ್ನು ನೋಡಿಕೊಳ್ಳುವ ಗುತ್ತಿಗೆ ಹಿಡಿಯುತ್ತದೆ. ಆಗ ಒಂದು ಕ್ಲಬ್ಬಿನ ಆವರಣ ನಮ್ಮ ಪಾಲಿಗೆ ಬಂದಿತ್ತು. ನಾನು ಅಲ್ಲಿನ ಸ್ಟೋರಿನಲ್ಲಿ ಬಲ್ಬು, ಬೋಲ್ಟು, ನೆಲ ಒರೆಸುವ ಬಟ್ಟೆ ಎಣಿಸಿಕೊಂಡಿರುವವನು. ಹಸನಾಕ ಬಾಸ್ಕೆಟ್‌ಬಾಲ್ ಹಾಲಿನ ಮರದ ನೆಲವನ್ನೂ ಎರಡು ಕಡೆಯ ಬಳೆಗಳನ್ನೂ ನೋಡಿಕೊಳ್ಳುವವರು. ಆಟ ಆಡಿದವರಲ್ಲ. ನನ್ನ ಭುಜದ ಎತ್ತರ ಇದ್ದರು. ಆದರೆ ಬೆಳಿಗ್ಗೆ ಕಾಲುಚೀಲದಲ್ಲಿ ನೆಲದ ಮೇಲೆ ಒಂದು ಸುತ್ತು ನಡೆದು, ಶೂ ಉಜ್ಜಿದ ಕರಿಗೀರುಗಳನ್ನು ನೋಡಿ, ಹಿಂದಿನ ದಿನ ಯಾರು ಎಲ್ಲಿಂದ ಹಾರಿದ್ದರು ಎಂದು ಹೇಳುತ್ತಿದ್ದರು. ಫೋನಿನಲ್ಲಿ ಅಮೆರಿಕದ ಆಟ ಹಾಕಿದರೂ ಚೆಂಡು ನೋಡುವವರಲ್ಲ. "ಮೇಲೆ ಎಂತ ನೋಡ್ತಿ ಮಾರಾಯ, ಕೆಳಗೆ ನೋಡು. ಇಳಿಯುವಾಗ ಪಾದ ಹೇಗೆ ಬೀಳ್ತದೆ ನೋಡು" ಎನ್ನುತ್ತಿದ್ದರು.

ಅವರ ಅಚ್ಚುಮೆಚ್ಚಿನ ಆಟಗಾರ ಒಬ್ಬನಿದ್ದ, ಹೆಸರು ಇಲ್ಲಿ ಬೇಡ. ಅವನಿಗೆ ಮ್ಯಾಕ್ಸ್ ಸಿಕ್ಕಿತೆಂದು ಸುದ್ದಿ ಬಂದ ಶುಕ್ರವಾರ ನಾನು, "ನಮ್ಮ ಕಡೆ ತೆಂಗಿನಮರ ಹತ್ತುವವನು ಇವನಿಗಿಂತ ಎತ್ತರ ಹೋಗ್ತಾನೆ, ಅವನಿಗೆ ಒಂದು ಮರಕ್ಕೆ ಎಷ್ಟು ಕೊಡ್ತಾರೆ ಗೊತ್ತುಂಟಾ?" ಎಂದೆ.

"ಅವನು ಹತ್ತುವುದನ್ನು ನೋಡ್ಲಿಕ್ಕೆ ಟಿಕೇಟು ತೆಗೆದು ಯಾರು ಬರ್ತಾರೆ? ನೀನು ಬರ್ತಿಯಾ?" ಎಂದರು ಹಸನಾಕ.

ಎಲ್ಲರೂ ನಕ್ಕರು. ಆಮೇಲೆ ಅವರು ಹೇಳಿದ ಮಾತು ನನಗೆ ಹೊಸದು. ಮ್ಯಾಕ್ಸ್ ಎಂದರೆ ಆಟಗಾರ ಹಟ ಮಾಡಿ ಕಿತ್ತುಕೊಂಡ ದೊಡ್ಡ ಮೊತ್ತ ಎಂದು ನಾನು ತಿಳಿದಿದ್ದೆ. ಅದಲ್ಲವಂತೆ. ಇದಕ್ಕಿಂತ ಮೇಲೆ ಕೊಡಬಾರದು ಎಂದು ಅವರ ಲೀಗು ಹಾಕಿದ ಗೆರೆಯಂತೆ. "ಮಾಲೀಕ ಇನ್ನೂ ಕೊಡ್ತೇನೆ ಅಂದ್ರೂ ಕೊಡ್ಲಿಕ್ಕಿಲ್ಲ. ನಮಗೆ ಕೆಳಗಿನ ಗೆರೆ ಹಾಕಿ, ಇದಕ್ಕಿಂತ ಕಮ್ಮಿ ಬೇಡ ಅಂತ ನಾವು ಕೇಳ್ತೇವೆ, ಅವನಿಗೆ ಮೇಲೆ ಗೆರೆ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಗೆರೆಯನ್ನು ಆಕಾಶದಲ್ಲಿ ಎಳೆದರೆ ಅದೂ ಒಂದು ಗೆರೆಯೇ ಎಂದೆ.

ಸೀಸನ್ ಶುರುವಾದ ಮೂರನೆಯ ವಾರ ಆ ಆಟಗಾರನ ಮೊಣಕಾಲು ಹೋಯಿತು. ಒಳ್ಳೆಯ ಕೋಟು ಹಾಕಿಕೊಂಡು, ತಂಡದವರ ಹಿಂದೆ ಕುರ್ಚಿಯಲ್ಲಿ ಕುಳಿತು, ಉಳಿದ ಆಟವನ್ನೆಲ್ಲ ನೋಡುತ್ತಿದ್ದ. ಸಂಬಳ ಮಾತ್ರ ಒಂದು ಡಾಲರೂ ಕಡಿಮೆಯಿಲ್ಲದೆ ಬರುತ್ತಿತ್ತಂತೆ. ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಆ ಶುಕ್ರವಾರ ನಾನು ಹಸನಾಕರನ್ನು ಬಿಡಲಿಲ್ಲ. ನಿಮ್ಮ ಹೀರೋ ಕೋಟಿಗೆ ಇಸ್ತ್ರಿ ಹಾಕಿದ್ದಕ್ಕೆ ಸಂಬಳವೋ, ಕುರ್ಚಿ ಸವೆಸಿದ್ದಕ್ಕೋ ಎಂದು ಕೇಳಿದೆ.

ಅವರು ದೋಸೆ ತುಂಡು ಕೈಯಲ್ಲೇ ಹಿಡಿದು ಹೇಳಿದರು. "ನೋಡು, ಜಾಸ್ತಿ ಕಮ್ಮಿ ನನಗೆ ಗೊತ್ತಿಲ್ಲ, ಅದು ದೊಡ್ಡವರ ಲೆಕ್ಕ. ಆದ್ರೆ ಅವನ ಕಾಗದದಲ್ಲಿ ಒಂದು ಸಾಲು ಉಂಟು. ಗಾಯವಾದ್ರೂ ಸಂಬಳ. ಆ ಸಾಲು ಇಲ್ಲದಿದ್ರೆ ಅವನು ಅಷ್ಟು ಎತ್ತರ ಹಾರ್ತಾನಾ? ಹೆದರಿ ಹೆದರಿ ಆಡ್ತಾನೆ. ಯಾರು ನೋಡ್ತಾರೆ ಮತ್ತೆ?"

"ಹಾಗಾದ್ರೆ ಕಫೀಲನಿಗೆ ಹೇಳಿ, ನಿಮಗೂ ಮ್ಯಾಕ್ಸ್ ಕೊಡ್ಲಿ" ಎಂದೆ. ಕಫೀಲ ಎಂದರೆ ನಮಗೆ ವೀಸಾ ಕೊಟ್ಟ ಧಣಿ.

"ನನಗೆ ಮ್ಯಾಕ್ಸ್ ಎಂತಕ್ಕೆ. ಆ ಸಾಲು ಒಂದು ಸಾಕು."

ನ್ಯಾಯವಾಗಿ ಹೇಳಬೇಕೆಂದರೆ ಆ ಸಾಲು ಇಲ್ಲಿಯೂ ಇದೆ. ಕೆಲಸದ ವೇಳೆಯಲ್ಲಿ ಗಾಯವಾದರೆ ಚಿಕಿತ್ಸೆ, ಸಂಬಳ, ಅಂಗ ಊನವಾದರೆ ಪರಿಹಾರ, ಎಲ್ಲ ಕಾನೂನಿನಲ್ಲಿದೆ. ಕೆಲಸದ ವೇಳೆ ಯಾವುದು ಎಂದು ಹೇಳುವುದು ಹಾಜರಿ ಕಾರ್ಡು. ಈಗ ಮುಖ ತೋರಿಸುವ ಯಂತ್ರ ಬಂದಿದೆ. ಆಗ ನಮ್ಮ ಸೈಟಿನಲ್ಲಿ ಕಾರ್ಡು ಒತ್ತುವ ಯಂತ್ರವಿತ್ತು, ಅದೂ ನನ್ನ ಸ್ಟೋರಿನ ಬಾಗಿಲಲ್ಲಿ. ಹಾಲಿನಿಂದ ಸ್ಟೋರಿಗೆ, ಬೇಸಿಗೆಯ ಬಿಸಿಲಿನಲ್ಲಿ, ಕಾಲು ಗಂಟೆಯ ನಡಿಗೆ. ನಾಲ್ಕು ಗಂಟೆಯ ನಂತರ ಯಾರ ಕಾರ್ಡು ಒತ್ತಿದರೂ ಸೂಪರ್‌ವೈಸರ್ ಫೋನು ಮಾಡಿ, ಓವರ್‌ಟೈಮ್ ಯಾರು ಕೊಡುತ್ತಾರೆ ಎಂದು ಬೈಯುತ್ತಿದ್ದ. ಆದ್ದರಿಂದ ಹಾಲಿನವರು ಕಾರ್ಡನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಿದ್ದರು. ನಾಲ್ಕಾದ ಕೂಡಲೇ ನಾನು ಎಲ್ಲರದ್ದನ್ನೂ ಒತ್ತುತ್ತಿದ್ದೆ. ಬೇರೆಯವರ ಕಾರ್ಡು ಒತ್ತಿದವನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಲಾಗುವುದು ಎಂದು ಯಂತ್ರದ ಮೇಲೆ ಮೂರು ಭಾಷೆಯಲ್ಲಿ ಅಂಟಿಸಿದ್ದರು. ಕನ್ನಡದಲ್ಲಿ ಇರಲಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ನಾಲ್ಕು ವರ್ಷದ ಹಿಂದಿನ ಆ ದಿನದ್ದನ್ನು ನಾನು ನಿಧಾನವಾಗಿ ಹೇಳುತ್ತೇನೆ, ಕ್ಷಮಿಸಿ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಹಸನಾಕರ ಫೋನು ಬಂತು. ಬಡಗಣ ಕಡೆಯ ಬಳೆ ಅಲುಗಾಡುತ್ತಿದೆ, ಹುಡುಗರು ಹಿಡಿದು ನೇತಾಡಿ ಬೋಲ್ಟು ಸಡಿಲ ಮಾಡಿದ್ದಾರೆ, ಐದಕ್ಕೆ ಪ್ರಾಕ್ಟೀಸ್ ಇದೆ, ಯಾರ ತಲೆಯ ಮೇಲಾದರೂ ಬಿದ್ದರೆ ಕಷ್ಟ ಎಂದರು. "ನಾಲ್ಕು ವಾಷರ್ ತಾ ಮಾರಾಯ. ನನ್ನ ಕಾರ್ಡು ಒತ್ತಿಯೇ ಬಾ, ಇಲ್ಲದಿದ್ರೆ ಅವನ ಬೈಗುಳ ಕೇಳ್ಬೇಕು." ನಾಲ್ಕಕ್ಕೆ ನಾನು ಅವರ ಕಾರ್ಡು ಒತ್ತಿದೆ. ನನ್ನದನ್ನೂ ಒತ್ತಿದೆ. ನಾಲ್ಕು ವಾಷರ್ ಜೇಬಿಗೆ ಹಾಕಿಕೊಂಡೆ. ಕಾರ್ಡು ಒತ್ತಿದ ಮೇಲೆ ಕೊಟ್ಟ ಸಾಮಾನನ್ನು ಪುಸ್ತಕದಲ್ಲಿ ಬರೆಯುವ ಹಾಗಿಲ್ಲ, ಬರೆಯಲಿಲ್ಲ. ನಡೆದುಕೊಂಡು ಹೋದೆ.

ನಾನು ಹಾಲಿನ ಬಾಗಿಲು ತಳ್ಳಿದಾಗ ಅವರು ಏಣಿಯ ಮೇಲಿದ್ದರು. ಎಡಗೈ ಬಳೆಯ ಮೇಲೆ, ಬಲಗೈಯಲ್ಲಿ ಸ್ಪಾನರ್. ಬಾಗಿಲ ಸದ್ದಿಗೆ ತಿರುಗಿ ನೋಡಿದರು. ಏಣಿಯ ಒಂದು ಕಾಲು ಜಾರಿತು. ಅವರೇ ಬೆಳಿಗ್ಗೆ ಹೊಳಪು ಕೊಟ್ಟ ನೆಲ. ಅವರು ಬಲಗೈಯ ಮೇಲೂ ಸೊಂಟದ ಮೇಲೂ ಬಿದ್ದರು. ಸ್ಪಾನರ್ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂದು ನಿಂತಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಅವರು ಕೂಗಲಿಲ್ಲ. "ನನ್ನನ್ನು ಅಲ್ಲಾಡಿಸ್ಬೇಡ" ಎಂದರು.

ನಾಲ್ಕನೆಯ ದಿನ ಸೂಪರ್‌ವೈಸರ್ ನನ್ನ ಮುಂದೆ ಕಾಗದ ಇಟ್ಟ. ಒಳ್ಳೆಯವನೇ, ಬೈಯುತ್ತಿದ್ದ ಅಷ್ಟೆ. "ಜೋ ದೇಖಾ ವಹೀ ಲಿಖೋ" ಎಂದ, ಕಂಡದ್ದನ್ನೇ ಬರೆ, ಹೆಚ್ಚು ಬೇಡ. ನಾನು ಕಂಡದ್ದನ್ನೇ ಬರೆದೆ. ಹಸನಬ್ಬ ಅವರ ಕಾರ್ಡು ನಾಲ್ಕು ಗಂಟೆಗೆ ಒತ್ತಲಾಗಿದೆ. ಅವರು ಬಿದ್ದದ್ದನ್ನು ನಾನು ನಾಲ್ಕು ಇಪ್ಪತ್ತಕ್ಕೆ ನೋಡಿದೆ. ಏಣಿ ಜಾರಿತು. ಇಷ್ಟೇ. ಇದರಲ್ಲಿ ಒಂದು ಸುಳ್ಳಿಲ್ಲ. "ಒತ್ತಲಾಗಿದೆ" ಎಂಬ ಮಾತಿನಲ್ಲಿ ಒತ್ತಿದವನ ಹೆಸರು ಬೇಕಾಗುವುದಿಲ್ಲ. ಇದೊಂದು ಸೌಕರ್ಯ. ಜೇಬಿನ ವಾಷರುಗಳ ವಿಷಯವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸ ಮುಗಿದ ಮೇಲಿನ ಅಪಘಾತ ಎಂದು ದಾಖಲಾಯಿತು. ಆಸ್ಪತ್ರೆಯ ಖರ್ಚು ವಿಮೆಯಲ್ಲಿ ಹೋಯಿತು, ಉಳಿದದ್ದು ಯಾವುದೂ ಬರಲಿಲ್ಲ. ಮೆಡಿಕಲ್‌ನಲ್ಲಿ ಅನ್‌ಫಿಟ್ ಎಂದಾಗಿ ಎರಡು ತಿಂಗಳಲ್ಲಿ ಅವರಿಗೆ ಫೈನಲ್ ಎಕ್ಸಿಟ್ ಕೊಟ್ಟು ಊರಿಗೆ ಕಳಿಸಿದರು. ಗಾಲಿಕುರ್ಚಿಯನ್ನು ವಿಮಾನ ನಿಲ್ದಾಣದಲ್ಲಿ ತಳ್ಳಿದವನು ನಾನೇ. ಆಮೇಲೆ ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ, ನಂತರ ಹಬ್ಬಕ್ಕೆ. ನಡೆಯಲು ಕೋಲು ಬೇಕು, ಹೆಚ್ಚು ಹೊತ್ತು ಕುಳಿತುಕೊಳ್ಳಲಾಗುವುದಿಲ್ಲ, ಬಲಗೈ ಮಡಚುವುದಿಲ್ಲ. ಮನೆ ಹೆಂಡತಿ ಕಟ್ಟುವ ಬೀಡಿಯಲ್ಲಿ ನಡೆಯುತ್ತದೆ. ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷ ನಾನು ನನಗೆ ಹೇಳಿಕೊಂಡದ್ದು ಒಂದೇ, ನಾನು ಸುಳ್ಳು ಬರೆದಿಲ್ಲ.

ಮೊನ್ನೆ ಆ ಕರಿ ದೋಸೆಯನ್ನು ಕಸಕ್ಕೆ ಹಾಕಿದ ಮೇಲೆ ಅದನ್ನು ಹೇಳಿಕೊಳ್ಳಲು ನನ್ನಿಂದ ಆಗಲಿಲ್ಲ. ಯಾಕೆ ಅಂದೇ ಆಗಲಿಲ್ಲ, ಗೊತ್ತಿಲ್ಲ. ಭಾನುವಾರ ರಜೆ ಹಾಕಿ ಕಂಪೆನಿಯ ದಮ್ಮಾಮಿನ ಆಫೀಸಿಗೆ ಹೋದೆ. ಫೈಲುಗಳನ್ನು ನೋಡಿಕೊಳ್ಳುವವರು ಕಾಸರಗೋಡಿನ ಅಬೂಬಕರ್ ಸಾಹೇಬರು, ಕನ್ನಡ ಶಾಲೆಯಲ್ಲಿ ಓದಿದವರು. ಹೇಳಿಕೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ, ಸೇರಿಸಬೇಕು ಎಂದೆ. ಯಾವ ವಿಷಯ ಎಂದರು. ಕಾರ್ಡು ಒತ್ತಿದವನು ಯಾರು ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಂತರ ಎದ್ದು ಹೋಗಿ ಫೈಲು ತಂದು, ನನ್ನ ಕಾಗದದ ಕೆಳಗಿನ ಕಾಗದವನ್ನು ತಿರುಗಿಸಿ ತೋರಿಸಿದರು.

ಅದು ಹಸನಾಕರ ಹೇಳಿಕೆ. ಆಸ್ಪತ್ರೆಯಲ್ಲಿ ಯಾರೋ ಹಿಂದಿಯಲ್ಲಿ ಬರೆದುಕೊಂಡದ್ದು. ಕೆಲಸ ಮುಗಿಸಿ ನಾಲ್ಕಕ್ಕೆ ನಾನೇ ಹೋಗಿ ಕಾರ್ಡು ಒತ್ತಿ ಬಂದೆ. ನಂತರ ನನ್ನ ಇಷ್ಟದಿಂದ ಏಣಿ ಹತ್ತಿದೆ. ಯಾರೂ ಹೇಳಿರಲಿಲ್ಲ. ಕೆಳಗೆ ಎಡಗೈಯ ಸಹಿ, ಅ ಆ ಬರೆಯಲು ಕಲಿಯುವ ಮಕ್ಕಳ ಅಕ್ಷರದ ಹಾಗೆ.

"ಎರಡೂ ಹೇಳಿಕೆ ಒಂದಕ್ಕೊಂದು ಕೂಡಿ ಬರ್ತದೆ. ಕೂಡಿ ಬರುವ ಫೈಲನ್ನು ಈಗ ಯಾರು ತೆರೀತಾರೆ? ಅವಧಿಯೂ ಮುಗಿದಿದೆ. ನೀವು ಈಗ ಬರೆದುಕೊಟ್ರೆ ಅವರಿಗೆ ಏನೂ ಸಿಗುವುದಿಲ್ಲ, ನಿಮ್ಮ ಕೆಲಸ ಮಾತ್ರ ಹೋಗ್ತದೆ" ಎಂದರು ಸಾಹೇಬರು.

ನಾನು ತಾರೀಖು ನೋಡಿದೆ. ಅವರ ಹೇಳಿಕೆ ನನ್ನದಕ್ಕಿಂತ ಒಂದು ದಿನ ಮೊದಲಿನದು. ನಾನು ಏನು ಬರೆಯುತ್ತೇನೆ ಎಂದು ನೋಡಲು ಅವರು ಕಾಯಲಿಲ್ಲ. ನಾನು ನಿಜ ಬರೆದು ಕೆಲಸ ಕಳೆದುಕೊಂಡೇನು ಎಂದು ಹೆದರಿದರೋ, ನಾನು ಬರೆಯುವವನಲ್ಲ ಎಂದು ಮೊದಲೇ ತಿಳಿದಿದ್ದರೋ. ಬಸ್ಸಿನಲ್ಲಿ ಥುಕ್ಬಾಕ್ಕೆ ಬರುವವರೆಗೂ ಈ ಎರಡರಲ್ಲಿ ಒಂದನ್ನು ಆರಿಸಲು ನೋಡಿದೆ. ಆಗಲಿಲ್ಲ.

ರೂಮಿಗೆ ಬಂದು ಹಸನಾಕರಿಗೆ ಫೋನು ಮಾಡಿದೆ. ಕಾಗದ ನೋಡಿದೆ ಎಂದೆ.

"ಯಾವ ಕಾಗದ?" ಎಂದರು. ಹೇಳಿದೆ. ಅತ್ತ ಕಡೆ ಬೀಡಿ ಎಲೆ ಕತ್ತರಿಸುವ ಸದ್ದು ಕೇಳುತ್ತಿತ್ತು. "ಅದನ್ನೆಲ್ಲ ಈಗ ಎಂತಕ್ಕೆ ತೆಗೆದದ್ದು ಮಾರಾಯ. ಒಬ್ಬ ಬಿದ್ದಾಗಿತ್ತಲ್ಲ, ಇನ್ನೊಬ್ಬ ಯಾಕೆ?"

"ನಾನು ನಿಜ ಬರೀತಿದ್ದೆ ಅಂತ ನಿಮಗೆ ಅನ್ನಿಸ್ಲಿಲ್ವಾ?"

"ನನಗೆ ಎಂತ ಗೊತ್ತು. ನೀನೇ ಹೇಳು, ಬರೀತಿದ್ದಿಯಾ?"

ಅವರ ದನಿಯಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ, ನಿಜಕ್ಕೂ ತಿಳಿಯಲಿಕ್ಕೆ ಕೇಳಿದರು. ಸರಿಯಾದದ್ದನ್ನೇ ಹೇಳಬೇಕೆಂದು ನಾನು ಯೋಚಿಸಿದೆ. ಯೋಚಿಸುತ್ತಿರುವಾಗ ಅವರು, "ಇರ್ಲಿ, ಬೆನ್ನು ನೋಯ್ತದೆ, ಮಲಗ್ತೇನೆ" ಎಂದು ಇಟ್ಟರು.

ರಿಯಾಜ್ ಆ ಆಟಗಾರನ ಮಾತನ್ನು ಮತ್ತೆ ಎತ್ತಿಲ್ಲ. ಎತ್ತಿದರೆ ಆ ಸಂಬಳ ಜಾಸ್ತಿಯೋ ಅಲ್ಲವೋ ನನಗೆ ಗೊತ್ತಿಲ್ಲ ಎನ್ನುತ್ತೇನೆ. ಜಾಸ್ತಿ ಎಂದು ಖಚಿತವಾಗಿ ಗೊತ್ತಿರುವ ಸಂಬಳ ಒಂದೇ. ಅದು ಪ್ರತಿ ತಿಂಗಳು, ಒಂದು ರಿಯಾಲೂ ಕಡಿಮೆಯಿಲ್ಲದೆ, ನನ್ನ ಹೆಸರಿಗೆ ಬರುತ್ತದೆ.